ಬಡಗಿ ಓಣಿ

…ಅಲ್ಲ, ಮಂಗಳವಾರ ಅಲ್ಲ, ಬುಧವಾರ. ಮಂಗಳವಾರ ಹಾಲಿಗೆ ಹೋಗಿದ್ದಿದ್ರೆ ಏನೂ ಆಗ್ತಿರಲಿಲ್ಲ. ತಲೆ ತಗ್ಗಿಸು ಟಾಮ್‌ಸಿನ್, ತೊಲೆ ತಾಗುತ್ತೆ. ಇಲ್ಲಿ ಕೆಳಗೆ ಎಲ್ಲರೂ ಬಗ್ಗಿಯೇ ನಡೆಯೋದು. ಆ ಪೆಟ್ಟಿಗೆ ಮೇಲೆ ಕೂತ್ಕೋ. ಡಾಂಬರು ಅಂಟಲ್ಲ, ಒಣಗಿದೆ. ಮೇಲೆ ನೋಡಿದೆಯಲ್ಲ ಗಲಾಟೆ. ಐನೂರು ಜನ ಒಂದೇ ದಿನ ಮನೆಗೆ ಹೊರಟ್ರೆ ಹಾಗೇ. ಪಿಟೀಲು, ಗಿಣಿ ಪಂಜರ, ಮೂಟೆ, ಕುಡಿದು ಬಿದ್ದೋರು… ನಮ್ಮ ಮಾತು ನಮಗೇ ಕೇಳಿಸಲ್ಲ. ಅದಕ್ಕೇ ಕೆಳಗೆ ಕರ್ಕೊಂಡು ಬಂದೆ.

ಹೂಂ, ನಾನೂ ಹೊರಡ್ತೀನಿ. ಯುದ್ಧ ಮುಗೀತು, ಹಡಗಿನವರನ್ನೆಲ್ಲ ಬಿಡ್ತಿದ್ದಾರೆ, ನನ್ನೊಬ್ಬನ್ನ ಇಟ್ಕೊಂಡು ಏನು ಮಾಡ್ತಾರೆ. ಸ್ವಲ್ಪ ಕೆಲಸ ಬಾಕಿ ಇದೆ, ಅಷ್ಟೆ. ದೋಣಿಯವನಿಗೆ ಕಾಯೋಕೆ ಹೇಳಿದ್ದೀಯ ತಾನೆ? ಕಾಯಲಿ. ನಾನೇ ಹೇಳಿ ಕಳಿಸೋನಿದ್ದೆ, ಬಂದಿದ್ದೀವಿ ಅಂತ. ಅಷ್ಟರಲ್ಲಿ ನೀನೇ ಬಂದೆ. ಊರಿಗೆಲ್ಲ ಗೊತ್ತಾಗುತ್ತಲ್ಲ, ಪ್ಲಿಮತ್‌ನಲ್ಲಿ ಯಾವ ಹಡಗು ಬಂದ್ರೂ.

ಏನದು, ಮಾಂಸ ತುಂಬಿದ ಪಾಸ್ಟಿ? ಇನ್ನೂ ಬೆಚ್ಚಗಿದೆ. ಆಮೇಲೆ ತಿಂತೀನಿ. ಇಲ್ಲ, ಹಸಿವಿದೆ. ಆಮೇಲೆ.

ಬುಧವಾರ. ನೀನು ಹಿತ್ತಿಲಲ್ಲಿ ಬಟ್ಟೆ ಹಿಂಡ್ತಿದ್ದೆ. ನಮ್ಮ ಪುಟ್ಟ ಉರ್ಸಿಗೆ ರಾತ್ರಿಯೆಲ್ಲ ಜ್ವರ, ಬೆಳಿಗ್ಗೆ ಸ್ವಲ್ಪ ಕಣ್ಣು ಬಿಟ್ಟಿದ್ದಳು. ಮೇಕೆ ಹಾಲಾದ್ರೆ ಕುಡೀತಾಳೇನೋ ಅಂದೆ ನೀನು. ನಾನು ಜಗ್ಗು ತಗೊಂಡು ಹೊರಟೆ. ‘ಗಾಳಿ ಇದೆ, ಟೋಪಿ’ ಅಂದೆ ನೀನು. ‘ಇಲ್ಲೇ ಅಲ್ವಾ’ ಅಂದೆ ನಾನು. ಅಷ್ಟೇ ನಾವು ಆಡಿದ ಮಾತು. ಇಷ್ಟು ವರ್ಷ ಅದನ್ನೇ ಹಿಂದೆ ಮುಂದೆ ತಿರುಗಿಸಿ ನೋಡ್ತಿದ್ದೀನಿ, ಅದರಲ್ಲಿ ಬೇರೆ ಏನೂ ಇಲ್ಲ.

ಬಾವಿ ತಿರುವಿನಲ್ಲಿ ನಾಲ್ಕು ಜನ ಗೋಡೆಗೆ ಒರಗಿ ನಿಂತಿದ್ರು. ಹಡಗಿಗೆ ಆಳು ಹಿಡಿಯೋರು ಅಂತ ನೋಡಿದ ಕೂಡಲೇ ಗೊತ್ತಾಯ್ತು. ಆದ್ರೆ ನಾನು ದೋಣಿ ಕಟ್ಟೋನು, ನಾವಿಕ ಅಲ್ಲ, ನನಗೇನು ಅಂತ ನೆಟ್ಟಗೆ ನಡೆದೆ. ‘ಕೈ ತೋರಿಸು’ ಅಂದ ಒಬ್ಬ. ತೋರಿಸಿದೆ. ಉಗುರಲ್ಲೆಲ್ಲ ಡಾಂಬರು. ‘ಸಮುದ್ರದ ಕೈ’ ಅಂದ. ‘ದೋಣಿಗೆ ಹಚ್ಚಿದ್ದು’ ಅಂದೆ. ‘ನೀನು ಕಟ್ಟೋ ದೋಣಿ ಎಲ್ಲಿ ತೇಲುತ್ತಪ್ಪಾ, ಗದ್ದೇಲಾ?’ ಅಂದ. ಎಲ್ಲ ನಕ್ಕರು. ನನಗೂ ನಗು ಬಂತು ಕಣೇ. ನಗ್ತಾ ನಿಂತೋನನ್ನ ಹಿಡಿಯೋದು ಎಷ್ಟು ಸುಲಭ. ಜಗ್ಗು ಒಡೀಬಾರದು ಅಂತ ಮೇಕೆಯವಳ ಗೋಡೆ ಮೇಲೆ ಇಟ್ಟೆ. ಸಿಕ್ತಾ ನಿನಗೆ?

ಸಿಕ್ತು. ಸರಿ.

ಅದರಲ್ಲೂ ಯಾವ ಹಡಗು ನೋಡು. ಇದೇ ಎವಾಂಡರ್. ಮದುವೆಗೆ ಮುಂಚೆ ನಾವು ಸಂಜೆ ಹೊತ್ತು ದಂಡೆ ಮೇಲೆ ಕೂತಾಗ ಎದುರಿಗೇ ನಿಂತಿರ್ತಿತ್ತಲ್ಲ… ಹಾಯಿಕಂಬ ಇಲ್ಲ, ತೋಪು ಇಲ್ಲ, ಮೇಲೊಂದು ಮಾಡು ಹಾಕಿಸ್ಕೊಂಡು ಬೋಳು ಬೋಳಾಗಿ. ಮುಳುಗಿದ ಚರ್ಚು ಅಂತ ನೀನು ಹೆಸರಿಟ್ಟಿದ್ದೆ. ನೆನಪಿಲ್ವಾ? ನನಗಿದೆ. ‘ಅದರೊಳಗೆ ಯಾರಿರ್ತಾರೆ’ ಅಂತ ನೀನು ಕೇಳಿದ್ದೆ. ‘ಇಲಿ’ ಅಂದಿದ್ದೆ ನಾನು.

ಯಾರಿರ್ತಾರೆ ಅಂತ ಈಗ ಗೊತ್ತು. ಅಡುಗೆಯ ಸ್ಪಾರ್ಗೋ ಇದ್ದ. ಮೇಲೆ ನಿನಗೆ ಕಣ್ಣು ಹೊಡೆದನಲ್ಲ, ಮರದ ಕಾಲಿನೋನು, ಅವನೇ. ನಗು, ಪರವಾಗಿಲ್ಲ, ಅವನು ಬಿಷಪ್‌ನ ಹೆಂಡತಿ ಬಂದ್ರೂ ಹಾಗೇ ಮಾಡೋದು. ಅವನ ಕಾಲು ಹೋಗಿದ್ದು ಇದೇ ಹಡಗಲ್ಲಿ, ಹಿಂದಿನ ಯುದ್ಧದಲ್ಲಿ. ಕಾಲು ಕೊಟ್ಟೋನಿಗೆ ದೊರೆ ಸೌಟು ಕೊಡ್ತಾನೆ, ಅದು ಇಲ್ಲಿನ ಪದ್ಧತಿ. ‘ಆ ಕಾಲು ಇಲ್ಲೇ ಎಲ್ಲೋ ಇದೆ, ಸಿಗೋ ತನಕ ಇಳಿಯಲ್ಲ’ ಅಂತಾನೆ. ಅವನು ಬೇಯಿಸಿದ ಬಟಾಣಿ ತಿಂದೋರು ಆ ಕಾಲು ಎಲ್ಲಿ ಹೋಯ್ತು ಅಂತ ನಮಗೆ ಗೊತ್ತು ಅಂತಾರೆ.

ಹಡಗಿನ ಹಳೇ ಕಥೆಯೆಲ್ಲ ಅವನೇ ಹೇಳಿದ್ದು. ಮೆಡ್ವೇ ನದಿ ದಂಡೆಯಲ್ಲಿ ಕಟ್ಟಿದ್ದಂತೆ, ಕೆಂಟ್ ಕಡೆಯ ಓಕ್ ಮರ. ನೀರಿಗೆ ಇಳಿಸೋ ದಿನ ಬ್ಯಾಂಡು, ಪಾದ್ರಿ, ಜನವೋ ಜನ. ಅರ್ಧ ಜಾರಿ ನಿಂತುಬಿಡ್ತಂತೆ. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಬ್ಯಾಂಡಿನವರು ಊದಿ ಊದಿ ಸುಸ್ತಾಗಿ ಮನೆಗೆ ಹೋದ್ರು, ಮಾರನೇ ದಿನ ಯಾರೂ ನೋಡದೆ ಇದ್ದಾಗ ತಾನೇ ನೀರಿಗೆ ಇಳೀತು. ಆ ಹಿಂದಿನ ಯುದ್ಧದಲ್ಲಿ ಫ್ರೆಂಚರನ್ನ ಬಿರುಗಾಳಿಯಲ್ಲಿ ಬಂಡೆಗಳ ತನಕ ಅಟ್ಟಿಕೊಂಡು ಹೋಗಿತ್ತು. ಆಮೇಲೆ ಸಂಧಿ ಆಯ್ತು, ಕಂಬ ಕಿತ್ತರು, ತೋಪು ಇಳಿಸಿದ್ರು, ತಂದು ನಮ್ಮ ಊರ ಮುಂದೆ ಕಟ್ಟಿಹಾಕಿದ್ರು. ನಾವು ಬೆಳೆದು, ಮದುವೆಯಾಗಿ, ಉರ್ಸಿ ಹುಟ್ಟೋ ತನಕ ಹಾಗೇ ನಿಂತಿತ್ತು. ಅಮೆರಿಕದವರು ತಿರುಗಿ ಬೀಳದೆ, ಫ್ರೆಂಚರು ಅವರ ಜೊತೆ ಸೇರದೆ ಇದ್ದಿದ್ರೆ ಅಲ್ಲೇ ಕೊಳೀತಿತ್ತು.

ಇಲ್ಲಿ ಎಲ್ಲರೂ ಹಡಗನ್ನ ‘ಅವಳು’ ಅಂತಾರೆ. ನಾನು ಹಾಗನ್ನಲ್ಲ. ನಿನ್ನ ಮುಂದಂತೂ ಅನ್ನಲ್ಲ.

ನನ್ನನ್ನ ತಂದು ಹಾಕಿದಾಗ ಇದಕ್ಕೆ ಕಂಬ ನಿಲ್ಲಿಸ್ತಿದ್ರು. ದೂರ ಹೋಗಿಲ್ಲ ನಾನು, ಇಲ್ಲೇ ಇದ್ದೆ, ಊರ ಎದುರಿಗೆ. ತೋಪಿನ ಕಿಂಡಿಯಿಂದ ನೋಡಿದ್ರೆ ಮೀನು ಮಾರೋ ಹೆಂಗಸರ ಮುಖ ಗುರುತು ಸಿಗೋದು. ಹಿಡಿದು ತಂದೋರನ್ನ ದಡಕ್ಕೆ ಬಿಡಲ್ಲ, ಬಿಟ್ರೆ ವಾಪಸ್ ಬರಲ್ಲ ಅಂತ. ನೀನು ದೋಣಿ ಮಾಡ್ಕೊಂಡು ಬಂದಿದ್ದೆಯಂತೆ, ಮಗು ಬಿಟ್ಟು. ಹತ್ರ ಬಿಡಲಿಲ್ಲ. ನನಗೆ ಆಮೇಲೆ ಗೊತ್ತಾಯ್ತು.

ಆಮೇಲೆ ಆ ಬೆಳಿಗ್ಗೆ ತರಕಾರಿ ದೋಣಿಯ ಮುದುಕಿ ಕೆಳಗಿಂದ ಕೂಗಿದಳು. ‘ಮೇಲೆ ಕರ್ನೋ ಅನ್ನೋನು ಇದ್ದಾನಾ? ಮಗು ಹೋಯ್ತಂತೆ ಕಣಪ್ಪಾ.’ ಎಲೆಕೋಸಿನ ಬೆಲೆ ಕೂಗ್ತಾ ಇದ್ದೋಳು, ಅದೇ ದನಿಯಲ್ಲಿ. ಅವಳ ತಪ್ಪಲ್ಲ, ಅಷ್ಟು ಕೆಳಗಿಂದ ಬೇರೆ ದನಿಯಲ್ಲಿ ಹೇಳಿದ್ರೆ ಕೇಳಿಸಲ್ಲ. ನಾನು ಲೆಫ್ಟಿನೆಂಟ್ ಹತ್ರ ಹೋಗಿ ಕೇಳಿದೆ. ಒಂದು ದಿನ ಬೇಡ, ಮಣ್ಣಾಗೋ ಹೊತ್ತಿಗೆ ಮಾತ್ರ, ಕೈಗೆ ಬೇಡಿ ಹಾಕಿ ಕರ್ಕೊಂಡು ಹೋಗಿ ಅಂದೆ. ಚಿಕ್ಕ ವಯಸ್ಸಿನೋನು. ಕೆಟ್ಟೋನಲ್ಲ. ಆಗಲ್ಲ ಅಂದ. ಆಮೇಲೆ ಟೋಪಿ ತೆಗೆದ.

ಅವತ್ತು ಚರ್ಚಿನ ಗಂಟೆ ಕೇಳಿಸ್ತು. ಗಾಳಿ ಈ ಕಡೆಗೇ ಇತ್ತು.

ನೀನು ಒಬ್ಬಳೇ ನಿಂತಿದ್ದೆ ಅಂತ ಗೊತ್ತು. ಗೊತ್ತು ಕಣೇ.

…ಹಾಕಿಂಗ್ ಅಂತ ಇದ್ರು, ಹಡಗಿನ ದೊಡ್ಡ ಬಡಗಿ. ಮುದುಕ, ಮಾತು ಕಡಿಮೆ. ಅವತ್ತು ನನ್ನನ್ನ ಕರೆದು ಒಂದು ಗುಡ್ಡೆ ಮರ ಕೊಟ್ಟು ‘ಬಿರಡೆ ಕೆತ್ತು’ ಅಂದ್ರು. ಅಷ್ಟೆ. ಸಂಜೆ ತನಕ ಕೆತ್ತಿದೆ. ಗುಂಡು ಬಿದ್ದು ತೂತಾದ್ರೆ ಹೊಡೆಯೋಕೆ. ಒಂದೊಂದು ಅಳತೆಗೆ ಒಂದೊಂದು. ‘ಈ ಕೈ ಹಗ್ಗ ಎಳೆಯೋಕೆ ಅಲ್ಲ’ ಅಂತ ಕ್ಯಾಪ್ಟನ್‌ಗೆ ಹೇಳಿ ತಮ್ಮ ಜೊತೆ ಹಾಕ್ಕೊಂಡ್ರು. ಈ ಕೋಣೆ ಅವರದೇ. ನನಗೆ… ಇವತ್ತು ಕೂತ್ಕೊಳ್ಳೋಕೆ ಬಿಟ್ಟಿದ್ದಾರೆ.

ಬಂದೆ! ಬಂದೆ ಅಂದ್ನಲ್ಲ, ಒಂದ್ನಿಮಿಷ! …ಬೋಸನ್ನು, ಹಡಗಿನ ಮೇಸ್ತ್ರಿ, ಕೂಗ್ತಾನೇ ಇರ್ತಾನೆ. ಏನಂದ? ಮಿಸ್ಟರ್ ಕರ್ನೋ ಅಂದ್ನಾ? ತಮಾಷೆಗೆ. ಮನೆಗೆ ಹೋಗೋ ದಿನ ಎಲ್ಲರೂ ಮಿಸ್ಟರ್‌ಗಳೇ.

ಬಾ, ಇಲ್ಲಿ ಬಗ್ಗಿ ನೋಡು, ಈ ಸಂದಿ ಕಾಣ್ತಾ? ಹಡಗಿನ ಗೋಡೆಗೂ ಒಳಗಿನ ಉಗ್ರಾಣಗಳಿಗೂ ನಡುವೆ. ಇದಕ್ಕೆ ಬಡಗಿ ಓಣಿ ಅಂತಾರೆ. ಹಡಗಿನ ಸುತ್ತ ಹೋಗಿ ಮತ್ತೆ ಇಲ್ಲಿಗೇ ಬರುತ್ತೆ. ಅಡ್ಡಡ್ಡ ನಡೀಬೇಕು, ಭುಜ ಹಿಡಿಸಲ್ಲ. ಕೈ ಇಡು ಹಲಗೆ ಮೇಲೆ. ತಣ್ಣಗಿದೆಯಲ್ಲ? ಆ ಕಡೆ ನೀರು. ನಾವೀಗ ನೀರಿಗಿಂತ ಕೆಳಗಿದ್ದೀವಿ. ಹೆದರ್ಕೋಬೇಡ.

ಜುಲೈ ತಿಂಗಳು, ಫ್ರಾನ್ಸಿನ ಕಡೆ ಮೊದಲ ದೊಡ್ಡ ಕಾಳಗ. ಮೇಲೆ ತೋಪು ಹಾರ್ತಿದ್ರೆ ನಾನು ಇಲ್ಲಿ, ಒಂದು ಕೈಯಲ್ಲಿ ಲಾಟೀನು, ಹೆಗಲಿಗೆ ಬಿರಡೆಯ ಚೀಲ. ಸುತ್ತೋದು, ಸುತ್ತೋದು. ಗುಂಡು ಯಾವ ಕಡೆ ಬರುತ್ತೆ ಗೊತ್ತಿಲ್ಲ. ಹಲಗೆ ಸೀಳಿ ನೀರು ಚಿಮ್ಮುತ್ತೆ, ಆಗ ಕೊಬ್ಬು ಸವರಿದ ನಾರು ಸುತ್ತಿ ಬಿರಡೆ ಇಟ್ಟು ಹೊಡೀಬೇಕು. ಮತ್ತೆ ಸುತ್ತೋದು. ಗೆದ್ದಿದ್ಯಾರು ಅಂತ ಆಮೇಲೆ ಕೇಳಿ ತಿಳ್ಕೋಬೇಕು. ಆ ಕಾಳಗದಲ್ಲಿ ಯಾರೂ ಗೆಲ್ಲಲಿಲ್ಲವಂತೆ. ನನಗೆ ಮಾತ್ರ… ಹೇಗೆ ಹೇಳೋದು… ಇಲ್ಲಿ ಇಂಥಾ ಕಡೆ ತೂತು, ಅದಕ್ಕೆ ಇಂಥಾ ಬಿರಡೆ. ಹೊಡೆದ್ರೆ ನೀರು ನಿಲ್ಲುತ್ತೆ. ಗೊತ್ತಾಗ್ತಿದೆಯಾ? ನಿಲ್ಲುತ್ತೆ ಅದು.

ಗೊತ್ತಾಗ್ತಿಲ್ಲ. ಇರಲಿ ಬಿಡು.

ಆಮೇಲೆ ವೆಸ್ಟ್ ಇಂಡೀಸ್. ಸಕ್ಕರೆ ಹಡಗುಗಳ ಹಿಂದೆ ಕುರಿ ಕಾಯೋ ನಾಯಿ ಹಾಗೆ. ಶೆಕೆ, ಜ್ವರ, ಹುಳು ಹಿಡಿದ ಬಿಸ್ಕತ್ತು. ಹಡಗಿಗೂ ಹುಳು. ಆ ಕಡೆಯ ಸಮುದ್ರದ ಹುಳು ಓಕ್ ಮರಾನ ಗಿಣ್ಣಿನ ಹಾಗೆ ತಿಂದುಹಾಕುತ್ತೆ. ತಳದ ತುಂಬ ಪಾಚಿ, ಗಡ್ಡ ಬಿಟ್ಟ ಹಾಗೆ. ಎಷ್ಟು ಹಾಯಿ ಬಿಟ್ರೂ ತೆವಳೋದು. ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಆ ಚಂಡಮಾರುತ ಬಂತು. ನೀವೂ ಇಲ್ಲಿ ಕೇಳಿರ್ತೀರ, ಎಷ್ಟು ಹಡಗು ಹೋಯ್ತು ಅಂತ. ನಮ್ಮ ಮೂರೂ ಕಂಬ ಮುರೀತು. ನಡುಗಂಬ ಬಿದ್ದಾಗ ಹಾಕಿಂಗ್ ಅದರ ಕೆಳಗಿದ್ರು, ಕೊಡಲಿ ಕೈಯಲ್ಲೇ ಇತ್ತು.

…ಹೂಂ. ಕೋಣೆ ಅವರದು ಅಂದೆ. ಅವರದಾಗಿತ್ತು ಅಂತ.

ಆ ಚಳಿಗಾಲ ಆಂಟಿಗಾದಲ್ಲಿ ಕಳೆದ್ವಿ. ಹಡಗನ್ನ ಪಕ್ಕಕ್ಕೆ ಎಳೆದು ಮಲಗಿಸಿ ರಿಪೇರಿ ಮಾಡೋದು. ಅಲ್ಲಿ ಚಳಿಗಾಲ ಅಂದ್ರೆ ಚಳಿಯೇ ಇರಲ್ಲ, ಅದೇ ಒಂದು ವಿಚಿತ್ರ… ಯಾಕೆ ಹಾಗೆ ನೋಡ್ತೀಯ? ಆಂಟಿಗಾ. ಅಲ್ಲಿ ನಮ್ಮವರದ್ದೊಂದು ಬಂದರಿದೆ. ಕಾಗದ ಬರೆಸೋಣ ಅಂದ್ರೆ ಬರೆಯೋರು ಯಾರೂ… ಜ್ವರದಲ್ಲಿ ಅರ್ಧ ಜನ ಹೋಗಿದ್ರು.

ಶಾಲು ಸರಿಯಾಗಿ ಹೊದ್ಕೋ, ಇಲ್ಲಿ ತೇವ.

ಅದರ ಮಾರನೇ ವರ್ಷ ಎವಾಂಡರ್ ಬೇರೇನೇ ಹಡಗು, ನೀನು ನೋಡಬೇಕಿತ್ತು. ಹಳೇ ಮುದುಕಿ ಅಂತ ನಗ್ತಿದ್ದೋರೆಲ್ಲ ಬಾಯಿ ಮುಚ್ಕೊಂಡ್ರು. ಒಂದು ಫ್ರೆಂಚ್ ಹಡಗನ್ನ ಬೆಳಿಗ್ಗೆ ಕಂಡು ಮಧ್ಯಾಹ್ನಕ್ಕೆ ಹಿಡಿದ್ವಿ. ತಳಕ್ಕೆ ತಾಮ್ರ ಬಿದ್ದಮೇಲೆ ಪಾಚಿ ಇಲ್ಲ, ಹುಳು ಇಲ್ಲ, ನೀರಲ್ಲಿ ಮೀನು ಹೋದ ಹಾಗೆ…

ಏನಿಲ್ಲ. ತಾಮ್ರ ಅಂದೆ. ತಾಮ್ರದ ತಗಡು.

ಎಲ್ಲಾ ಹಡಗಿಗೂ ಹೊಡೀತಿದ್ರಲ್ಲ ಆಗ.

ನಿಮ್ಮಪ್ಪ ನಮ್ಮೂರ ಡಾಕಿನಲ್ಲೇ ಹಡಗಿನ ಸಂದು ತುಂಬಿ ಮುದುಕರಾದೋರು. ಅವರ ಮಗಳ ಮುಂದೆ ತಾಮ್ರದ ಮಾತು ಎತ್ತಿದೆ ನೋಡು. ತಗಡು ಹೊಡೀಬೇಕಾದ್ರೆ ಹಡಗನ್ನ ಡಾಕಿನೊಳಗೆ ತಂದು, ನೀರು ಬಸಿದು, ಒಣಗಿಸಿ ನಿಲ್ಲಿಸಬೇಕು. ಆ ದ್ವೀಪಗಳಲ್ಲಿ ಅಂಥ ಡಾಕು ಒಂದೂ ಇಲ್ಲ. ಇಂಗ್ಲೆಂಡಿಗೇ ಬರಬೇಕು. ನಾನು ಹೇಳೋದೇನು, ನಿನಗೆ ಗೊತ್ತಿರೋದೇ.

ಪೋರ್ಟ್ಸ್‌ಮತ್. ಪೋರ್ಟ್ಸ್‌ಮತ್‌ನಲ್ಲಿ ಹೊಡೆಸಿದ್ರು. ಎರಡು ವಾರ ಇದ್ವೇನೋ ಅಷ್ಟೆ, ಅಷ್ಟು ದೂರದಿಂದ ಇಲ್ಲಿಗೆ ಬರೋಕೆ ಆಗಲಿಲ್ಲ.

ಏನಾದ್ರೂ ಅನ್ನು ಟಾಮ್‌ಸಿನ್. ಬಯ್ಯಿ ಬೇಕಾದ್ರೆ. ತರಕಾರಿ ಮುದುಕಿ ಬಯ್ಯೋ ಹಾಗೆ ಬಯ್ಯಿ.

ಪೋರ್ಟ್ಸ್‌ಮತ್ ಅಲ್ಲ. ಇಲ್ಲೇ.

…ನಿನಗೆ ಗೊತ್ತಿತ್ತು. ಹೌದು ಮತ್ತೆ, ಗೊತ್ತಿಲ್ದೆ ಏನು. ಮುರಿದ ಕಂಬದ ಹಡಗನ್ನ ಊರ ಮುಂದೆ ಎಳ್ಕೊಂಡು ಹೋದ್ರೆ ಯಾರಿಗೆ ಗೊತ್ತಾಗಲ್ಲ. ಗೊತ್ತಿದ್ದೂ ಆಂಟಿಗಾ ಕಥೆ ಕೇಳ್ತಾ ಕೂತಿದ್ದೆ. ನಾನು ಚಳಿ ಇಲ್ಲದ ಚಳಿಗಾಲ ಅಂತ ಹೇಳ್ತಿದ್ರೆ ನೀನು ಹೂಂ ಅಂತಿದ್ದೆ.

ಡಾಕಿನ ಗೇಟಿಗೆ ಬಂದಿದ್ದೆಯಾ?

ಒಂದು ಸಲಾನಾ?

…ಸರಿ. ಎಷ್ಟು ಸಲ ಅಂತ ಕೇಳಲ್ಲ.

ಕಾವಲಿನೋನು ಏನು ಹೇಳಿರ್ತಾನೆ ಅಂತ ಗೊತ್ತು. ಹಿಡಿದು ತಂದೋರನ್ನೆಲ್ಲ ಒಂದು ಹಳೇ ಹಡಗಿಗೆ ತುಂಬಿದ್ದಾರೆ, ಯಾರನ್ನೂ ಇಳಿಯೋಕೆ ಬಿಡಲ್ಲ ಅಂದಿರ್ತಾನೆ. ಅದು ನಿಜ. ಡಾಕಿನ ಕೆಲಸ ಮುಗಿಯೋ ತನಕ ಜನ ಅಲ್ಲೇ ಇದ್ರು, ಕುರಿ ದೊಡ್ಡಿಯ ಹಾಗೆ. ನೀನು ಅಲ್ಲಿಗೂ ದೋಣಿ ಮಾಡ್ಕೊಂಡು ಹೋಗಿರ್ತೀಯ. ಹತ್ರ ಬಿಟ್ಟಿರಲ್ಲ. ದೂರದಿಂದ ನನ್ನ ಹೆಸರು ಕೂಗಿರ್ತೀಯ.

ಮುಖ ಈ ಕಡೆ ತಿರುಗಿಸು.

ನಾನು ಅಲ್ಲಿರಲಿಲ್ಲ ಟಾಮ್‌ಸಿನ್. ಹಾಕಿಂಗ್ ಸತ್ತಮೇಲೆ ಅವರ ಕೆಲಸ ನಾನೇ ನೋಡ್ತಿದ್ದೆ. ಇಲ್ಲಿ ಬಂದಮೇಲೆ ಡಾಕಿನ ದೊಡ್ಡೋರು ಕರೆಸಿ ಕೇಳಿದ್ರು, ಖಾಯಂ ಆಗಿ ಇರ್ತೀಯಾ ಅಂತ. ಯಾರೂ ಕುತ್ತಿಗೆಗೆ ಕತ್ತಿ ಇಟ್ಟಿರಲಿಲ್ಲ. ಇಲ್ಲ ಅಂತ ಅನ್ನಬಹುದಿತ್ತು. ಇರ್ತೀನಿ ಅಂದೆ. ಬೋಸನ್ನು ಮಿಸ್ಟರ್ ಅಂದಿದ್ದು ತಮಾಷೆಗಲ್ಲ. ಈ ಕೋಣೆ ನಂದು. ಕ್ಯಾಪ್ಟನ್ ಬರ್ತಾನೆ ಹೋಗ್ತಾನೆ, ಜನ ಬರ್ತಾರೆ ಹೋಗ್ತಾರೆ, ಬಡಗಿ ಹಡಗಿನ ಜೊತೆಗೇ ಇರೋನು, ಅದನ್ನ ಒಡೆದು ಸೌದೆ ಮಾಡೋ ತನಕ. ನಾಳೆಯಿಂದ ಮತ್ತೆ ಕಂಬ ಕೀಳ್ತಾರೆ, ತೋಪು ಇಳಿಸ್ತಾರೆ, ಅದೇ ಜಾಗದಲ್ಲಿ ಕಟ್ಟಿಹಾಕ್ತಾರೆ. ಸ್ಪಾರ್ಗೋ ಇರ್ತಾನೆ, ಬೋಸನ್ನು ಇರ್ತಾನೆ. ನಾನೂ.

ಸ್ವಲ್ಪ ಕೆಲಸ ಬಾಕಿ ಅಂದೆ. ಅದಲ್ಲ. ಇವತ್ತು ನಾನು ಇಳಿಯೋನಲ್ಲ.

ಕೇಳು. ಕೂತ್ಕೋ, ಕೇಳು. ಆ ಚಳಿಗಾಲ ನನ್ನನ್ನ ಯಾರೂ ತಡೀತಿರಲಿಲ್ಲ. ಮರ ಆರಿಸೋಕೆ, ಮೊಳೆ ತರೋಕೆ ಅಂತ ಊರೊಳಗೆಲ್ಲ ಓಡಾಡಿದೆ. ಒಂದಿನ ಬಾವಿ ತಿರುವಿನ ತನಕ ಬಂದೆ. ಅಲ್ಲಿ ನಿಂತ್ಕೊಂಡೆ. ಹಾಲು ತರ್ತೀನಿ ಅಂತ ಹೋದೋನು, ಕೈ ಬೀಸ್ಕೊಂಡು ಏನಂತ ಬರೋದು. ಬಂದು ಎಲ್ಲಿ ಕೂರೋದು. ಆ ಮನೆಯಲ್ಲಿ ಎಲ್ಲಿ ಕೂತ್ರೂ ಅವಳ ತೊಟ್ಟಿಲು ಕಾಣುತ್ತಲ್ಲ. ಮೊದಲು ನನ್ನನ್ನ ಇಲ್ಲಿ ಹಿಡಿದಿಟ್ಟಿದ್ರು, ಅದು ಸುಳ್ಳಲ್ಲ. ಯಾವಾಗ ಬಿಟ್ರು ಅಂತ ನನಗೇ ಗೊತ್ತಾಗಲಿಲ್ಲ. ವಾಪಸ್ ಬಂದೆ, ಓಣಿಯೊಳಗೆ ಹೋಗಿ ಒಂದು ಸುತ್ತು ಹಾಕಿದೆ. ಹಡಗು ಒಣಗಿ ನಿಂತಿದೆ, ಗುಂಡಿಲ್ಲ, ನೀರಿಲ್ಲ. ಆದ್ರೂ ಸುತ್ತಿದೆ.

ಬಡಗಿಯ ಹೆಂಡತಿ ಬಂದು ಹಡಗಲ್ಲೇ ಇರಬಹುದು. ಪದ್ಧತಿ ಇದೆ. ಬೋಸನ್ನಿನ ಹೆಂಡತಿ ಬರ್ತಾಳೆ ನಾಳೆ, ಕೋಳಿ ಸಮೇತ. ಕಿಟಕಿ ಇಲ್ಲ ಅಷ್ಟೆ. ಕಂಬ ಕಿತ್ತ ಮೇಲೆ ಮೇಲೊಂದು ಕೋಣೆ ಕಟ್ಟಿಕೊಡ್ತೀನಿ…

…ಇಲ್ಲ. ಸರಿ. ಸುಮ್ಮನೆ ಅಂದೆ.

ನಾನು ಏನಂದ್ಕೊಂಡೆ ಅಂದ್ರೆ, ನೀನು ಸಾಲ್ಟ್ಯಾಶ್‌ಗೆ ಹೋಗಿರ್ತೀಯ, ಅಕ್ಕನ ಮನೆಗೆ. ಒಬ್ಬಳೇ ಆ ಮನೆಯಲ್ಲಿ ಯಾಕಿರ್ತಾಳೆ ಅಂತ. ಬಂದ್ರೆ ಬೀಗ ನೋಡಿ ಹೋಗಬೇಕು, ಅದಕ್ಕೆ ಬರೋದ್ಯಾಕೆ ಅಂತ. ಅದಕ್ಕೇ ಬರಲಿಲ್ಲ. ಅದೇ ಕಾರಣ. ನೀನು ಇರಲ್ಲ ಅಂತಾನೇ…

ದೋಣಿಯವನು ಕೂಗ್ತಿದ್ದಾನೆ. ಎದ್ದೆಯಾ. ಹುಷಾರು, ತೊಲೆ.

ಟಾಮ್‌ಸಿನ್. ಏನೂ ಕೇಳದೆ ಹೋಗಬೇಡ. ಒಂದು ಮಾತು ಕೇಳು, ಯಾವುದಾದ್ರೂ ಸರಿ.

…

ಡಾಕಿನ ಮೇಲುಗಟ್ಟೆ ಹತ್ತಿ ನಿಂತ್ರೆ ನಮ್ಮ ಮನೆ ಹೊಗೆಗೂಡು ಕಾಣುತ್ತೆ. ಆ ಚಳಿಗಾಲ ದಿನಾ ಬೆಳಿಗ್ಗೆ ಅದರಿಂದ ಹೊಗೆ ಬರ್ತಿತ್ತು.